ಸುಣ್ಣದ ಎಂಟು ಕಂಬಗಳು

ಕಣಗಲಾ
೨೦ ಜನವರಿ ೨೦೨೫

ಮಗಳು ದಾಕ್ಷಾಯಿಣಿಗೆ ಅಪ್ಪನ ಪ್ರೀತಿಯ ಆಶೀರ್ವಾದ.

ಬರೆಯುತ್ತೇನೆ, ಬರೆಯುತ್ತೇನೆ ಅಂದುಕೊಂಡೇ ಸಂಕ್ರಾಂತಿಯೂ ಮುಗಿಯಿತು. ತಡವಾದದ್ದಕ್ಕೆ ಸಿಟ್ಟಾಗಬೇಡ. ಫೋನಿನಲ್ಲಿ ನೀನು "ಊಟಾ ಆತೇನಪಾ?" ಎಂದು ಕೇಳಿ ಇಟ್ಟುಬಿಡುತ್ತೀ, ನಾನೂ ಹೂಂ ಅನ್ನುತ್ತೇನೆ. ನಿನ್ನವ್ವ ಆರಾಮಾಗಿದ್ದಾಳೆ, ಮೊಣಕಾಲು ಮಾತ್ರ ಅವಳ ಮಾತು ಕೇಳುತ್ತಿಲ್ಲ.

ಶನಿವಾರ ಹುಕ್ಕೇರಿಗೆ ಹೋಗಿದ್ದೆ. ಹೌದು, ಅದೇ ಚರ್ಚಿಗೆ. ಅದರ ಹೊಸ ಕಟ್ಟಡದ ಒಳಾಂಗಣದ ಚಿತ್ರ ನೀನು ಬರೆದುಕೊಟ್ಟೆ, ಅವರು ಕಟ್ಟಿಸದೆ ಬಿಟ್ಟರು. ಅಂದಿನಿಂದ ನೀನು ಅದರ ಹೆಸರೆತ್ತುವುದಿಲ್ಲ. ನಕ್ಷೆ ಬರೆಯುವುದನ್ನೇ ಬಿಟ್ಟು ಹುಬ್ಬಳ್ಳಿಯ ಟೈಲ್ಸ್ ಅಂಗಡಿಯಲ್ಲಿ ಕೂತಿದ್ದೀ. ಅವರಿನ್ನೂ ತಗಡಿನ ಶೆಡ್ಡಿನಲ್ಲೇ ಪ್ರಾರ್ಥನೆ ಮಾಡುತ್ತಾರೆ. ಗೋಡೆಯ ಗಿಲಾವು ಉದುರಿದೆ, ಗೌಂಡಿ ಕೆಲಸಕ್ಕೆ ಬನ್ನಿ ಎಂದು ಪಾದ್ರಿಗಳು ನನ್ನನ್ನು ಕರೆದಿದ್ದರು.

ಒಳಗೆ ಕಾಲಿಟ್ಟರೆ, ಎದುರಿನ ಗೋಡೆಯಲ್ಲಿ ಶಿಲುಬೆಯ ಪಕ್ಕ ನಿನ್ನ ಚಿತ್ರ! ಗಾಜು ಹಾಕಿಸಿದ್ದಾರೆ. ಎಂಟು ಸಪೂರ ಕಂಬ, ಮೂಡಣ ಕಿಟಕಿಯಿಂದ ನೆಲಕ್ಕೆ ಬಿದ್ದ ಬಿಸಿಲು, ಮೂರನೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತ ಒಬ್ಬ ಮುದುಕಿ. ನೋಡುತ್ತ ನೋಡುತ್ತ ಮುಂದೆ ಹೋದೆ.

"ಗೌಂಡ್ಯಾರ, ಸರೀರಿ! ಕಂಬದಾಗ ನಿಂತೀರಿ!"

ಗದರಿದವಳು ಕಸ ಗುಡಿಸುತ್ತಿದ್ದ ಮಾರ್ಥವ್ವ. ಕೆಳಗೆ ನೋಡಿದೆ. ನನ್ನ ಕಾಲಡಿ ಸುಣ್ಣದ ದುಂಡು ಗುರುತು, ಅಂಥವು ಎಂಟು. ಪ್ರತಿ ಶನಿವಾರ ಆಕೆ ನೆಲ ಸಾರಿಸಿ, ನಿನ್ನ ಚಿತ್ರ ನೋಡಿಕೊಂಡು ಗುರುತು ಹಾಕುತ್ತಾಳಂತೆ. ರವಿವಾರ ಬಂದವರು ಅದನ್ನು ತುಳಿಯದೆ, ಸುತ್ತು ಹಾಕಿ ಹೋಗಿ ಕೂರುತ್ತಾರಂತೆ.

"ಆ ಚಿತ್ರದಾಗ ಕುಂತಾಕಿ ನಾನರೀ. ಕಟ್ಟಲಿ ಬಿಡಲಿ, ನನ್ನ ಜಾಗಾ ನನಗ ಗೊತ್ತೈತಿ. ಯಾರ ಬರದಾರೋ, ಅವರ ಹೊಟ್ಟಿ ತಣ್ಣಗಿರಲಿ," ಅಂದಳು.

"ಬರದಾಕಿ ನನ್ನ ಮಗಳರೀ," ಅಂದೆ. ಸುಳ್ಳೇಕೆ ಹೇಳಲಿ, ಎದೆ ಗೇಣುದ್ದ ಉಬ್ಬಿತು. ನಲವತ್ತು ವರ್ಷದಲ್ಲಿ ಎಷ್ಟೋ ಮನೆ ಕಟ್ಟಿದ್ದೇನೆ, ಆದರೆ ಕಟ್ಟದ ಕಂಬಕ್ಕೆ ಜನ ದಾರಿ ಬಿಡುವಂಥದ್ದು ನನ್ನ ಕೈಯಿಂದ ಆಗಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ನಮ್ಮೂರ ಮಾಳಪ್ಪನಿಗೂ ಹೇಳಿದೆ. "ಇಲ್ಲದ ಕಂಬಕ್ಕ ಎಷ್ಟು ಬಡಾಯಿನೋ ನಿಂದು!" ಎಂದು ನಕ್ಕ. ಬಡಾಯಿಯೇ ಅನ್ನಲಿ ಬಿಡು.

ಬಸವಣ್ಣ ನಿನ್ನನ್ನು ಸುಖವಾಗಿಟ್ಟಿರಲಿ. ಪೆನ್ಸಿಲು ಮತ್ತೆ ನಿನ್ನ ಕೈಗೆ ಬರಲಿ.

ನಿನ್ನ ಅಪ್ಪ,
ರಾಚಪ್ಪ

ತಾ.ಕ.: ಅವತ್ತು ಕಟ್ಟಬೇಡಿ ಅಂದವನು ನಾನೇ, ದಾಕ್ಷಿ. "ನಿಮ್ಮ ಮಗಳದು, ನೀವ ಹೇಳ್ರಿ, ಈ ಕಂಬ ನಿಂದರತಾವೇನು?" ಎಂದು ಪಾದ್ರಿಗಳು ನಿನ್ನ ಚಿತ್ರವನ್ನು ನನ್ನ ಮುಂದೆ ಹರಡಿದ್ದರು. ಅಂಚಿನಲ್ಲಿ ನೀನು ಬರೆದಿದ್ದ ಇಂಗ್ಲಿಷು ನನಗೆ ಓದಲು ಬರಲಿಲ್ಲ. ಬರುವುದಿಲ್ಲ ಅನ್ನಲು ನಾಚಿಕೆಯಾಯಿತು. ಕಂಬ ಸಪೂರ ಕಂಡವು, "ನಿಂದರೂದಿಲ್ಲ" ಅಂದುಬಿಟ್ಟೆ. ಶನಿವಾರ ಅದರ ಫೋಟೋ ತೆಗೆದುಕೊಂಡಿದ್ದೆ, ನಿನ್ನೆ ಅದನ್ನು ಒಯ್ದು ಮೂಡಲಗಿಯ ಇಂಜಿನಿಯರ್ ಸಿದ್ರಾಯನಿಂದ ಓದಿಸಿದೆ. "ಕಾಕಾ, ಒಳಗ ಕಬ್ಬಿಣ ಐತಿ, ಗೋಕಾಕದ ಕಲ್ಲು ಬರೇ ಹೊರಗ. ಮ್ಯಾಲ ಇನ್ನೊಂದು ಮಾಳಗಿ ಏರಿಸಿದ್ರೂ ಅಲಗಾಡೂದಿಲ್ಲ," ಅಂದ. ಪಾದ್ರಿಗಳಿಗೆ ಖರೆ ಹೇಳಿದ್ದೇನೆ. ಈಗ ನಿನಗೂ ಹೇಳಿದೆ. ಮಾರ್ಥವ್ವನಿಗೆ ಹೇಳಲು ಒಬ್ಬನೇ ಹೋಗಲಾರೆ, ನೀನು ಬಾ.