ಹಿಮ್ಮಡಿಯ ಪಟ್ಟಿ

ಲಗ್ಗೆರೆ, ಬೆಂಗಳೂರು
೧೨ ನವೆಂಬರ್ ೨೦೦೬, ಭಾನುವಾರ

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂತೆಯೋ, ಹತ್ತಿ ಬಿಡಿಸುವುದು ಮುಗಿಯಲಿ ಅಂತ ಅದನ್ನೂ ಮುಂದಕ್ಕೆ ಹಾಕಿದೆಯೋ? ಕರಿ ಮೇಕೆ ಇಷ್ಟೊತ್ತಿಗೆ ಈದಿರಬೇಕು. ಗಂಡೋ ಹೆಣ್ಣೋ ತಿಳಿಸು. ನಿನಗೆ ಓದಲು ಸುಲಭವಾಗಲಿ ಅಂತ ಈ ಸಲ ಒಂದು ಗೆರೆ ಬಿಟ್ಟು ಒಂದು ಗೆರೆ, ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ರಾತ್ರಿ ಶಾಲೆಯಲ್ಲಿ ಕಂದೀಲಿನ ಮುಂದೆ ಕೂತು ನೀನು ಕಲಿತ ಅಕ್ಷರ ಇವತ್ತು ಕೆಲಸಕ್ಕೆ ಬರಬೇಕು. ಇದನ್ನು ಬೇರೆ ಯಾರ ಕೈಲೂ ಓದಿಸಬೇಡ. ಫೋನ್ ಮಾಡಬಹುದಿತ್ತು. ಆದರೆ ಕಾಯಿನ್ ಬಾಕ್ಸ್ ಇರುವುದು ಗೌಡರ ಕಟ್ಟೆಯ ಪಕ್ಕದ ಅಂಗಡಿಯಲ್ಲಿ, ನಾನು ಹೇಳಬೇಕಾದದ್ದೂ ಆ ಕಟ್ಟೆಯ ವಿಷಯವೇ. ನಿನ್ನೆ ಸಂಜೆಯಿಂದ ನನ್ನ ತಲೆಯಲ್ಲಿ ಅದೊಂದೇ ಇದೆ ಅವ್ವಾ. ಅಕ್ಷರ ಸೊಟ್ಟಗಾದರೆ ಬೇಸರ ಮಾಡಿಕೊಳ್ಳಬೇಡ.

ಮೊದಲು ಒಳ್ಳೆಯ ಸುದ್ದಿ. ಅಪ್ಪನ ಗಾಯ ಒಣಗಿದೆ, ಹೆಬ್ಬೆರಳು ಉಳಿಯಿತು. ಡಾಕ್ಟರಮ್ಮ ಮೊದಲ ದಿನ ಅದರೊಳಗಿಂದ ತೆಗೆದದ್ದು ಸೋಡಾ ಬಾಟಲಿಯ ಹಸಿರು ಚೂರು ಅಂತ ಹಿಂದಿನ ಪತ್ರದಲ್ಲೇ ಬರೆದಿದ್ದೆ. ಹೊಲದಲ್ಲಿ ಜೋಳದ ಕೂಳೆ ಚುಚ್ಚಿತು ಅಂತಲೇ ಅಪ್ಪ ಇಲ್ಲಿಯವರೆಗೆ ಹೇಳಿದ್ದ. ನಮ್ಮ ಹೊಲದಲ್ಲಿ ಸೋಡಾ ಕುಡಿಯುವವರು ಯಾರು ಅಂತ ನನಗೆ ಅಂದೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಮೊನ್ನೆ ಆಸ್ಪತ್ರೆಯಲ್ಲಿ ಅಪ್ಪನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಅಂಗಾಲಿನ ಮೇಲೆ ಅಲ್ಲಲ್ಲಿ ಒಂದು ಕಡ್ಡಿ ಒತ್ತಿದರು. ಒತ್ತಿದಾಗಲೆಲ್ಲ ಹೂಂ ಅನ್ನಬೇಕು. ಅವರು ಒತ್ತುತ್ತಲೇ ಇದ್ದರು, ಅಪ್ಪ ಕಣ್ಣು ಮುಚ್ಚಿಕೊಂಡು ದೇವರ ಮುಂದೆ ಕೂತವನಂತೆ ಕೂತಿದ್ದ. ಕೊನೆಗೆ ಅವನೇ, "ಯಾವಾಗ ಚಾಲೂ ಮಾಡ್ತೀರಿ ಬಾಯಾರ?" ಅಂದ. ಡಾಕ್ಟರಮ್ಮ ನನ್ನ ಮುಖ ನೋಡಿದರು. "ಶುಗರ್ ಇವರ ಕಾಲಿನ ನೋವನ್ನೇ ತಿಂದುಬಿಟ್ಟಿದೆ. ನೋವು ಗೊತ್ತಾಗದೇ ಇರೋದೇ ಅಪಾಯ. ಇನ್ನೊಂದ್ಸಲ ಏನಾದ್ರೂ ಚುಚ್ಚಿದ್ರೆ ಬೆರಳಲ್ಲಮ್ಮ, ಪಾದಾನೇ ತೆಗೀಬೇಕಾಗುತ್ತೆ" ಅಂದರು.

ದಿನಾ ನಡೆಯಬೇಕಂತೆ, ಆದರೆ ಒಂದು ಹೆಜ್ಜೆಯೂ ಬರಿಗಾಲಲ್ಲಿ ಇಡಬಾರದಂತೆ. ಹವಾಯಿ ಚಪ್ಪಲಿ ಬೇಡ, ಬೆರಳು ಹೊರಗಿರುತ್ತದೆ. ಬೂಟೂ ಬೇಡ, ಬೆವರಿಗೆ ಗಾಯ ಮತ್ತೆ ಹಸಿಯಾಗುತ್ತದೆ. ರಜೆಯ ದಿನ ಬೆಟ್ಟಗುಡ್ಡ ಸುತ್ತುವವರು ಹಾಕಿಕೊಳ್ಳುತ್ತಾರಲ್ಲ, ಮುಂದೆ ಬೆರಳು ಮುಚ್ಚಿ ಪಕ್ಕದಲ್ಲಿ ಗಾಳಿಯಾಡುವ, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್, ಅಂಥದ್ದು ತೆಗೆದುಕೊಳ್ಳಿ ಅಂದರು. ಆಸ್ಪತ್ರೆಯಲ್ಲಿ ಅದಕ್ಕೂ ಒಂದು ಕರಪತ್ರ ಕೊಟ್ಟರು. ನನ್ನ ಕೈಗೆ ಕರಪತ್ರ ಸಿಕ್ಕರೆ ಏನಾಗುತ್ತದೆ ಅಂತ ನಿನಗೆ ಗೊತ್ತಲ್ಲ. ನಮ್ಮ ಗಾರ್ಮೆಂಟ್ಸ್ ಗೇಟಿನ ಮುಂದೆ ಸಂಘದವರು ಹಂಚುವ ಹಾಳೆಗಳನ್ನು ಓದುವ ಹಾಗೆಯೇ ಇದನ್ನೂ ಬಾಯಿಪಾಠ ಮಾಡಿಕೊಂಡೆ.

ನಿನ್ನೆ ಗಾರ್ಮೆಂಟ್ಸಿನಲ್ಲಿ ಹೆಚ್ಚಿನ ಹೊತ್ತಿನ ಓಟಿ ಕೆಲಸ ಒಲ್ಲೆ ಅಂದು, ಅಪ್ಪನನ್ನು ರಾಜಾಜಿನಗರಕ್ಕೆ ಕರೆದುಕೊಂಡು ಹೋದೆ. ಬೇಕೆಂದೇ ಸಂಜೆ ಹೋದೆ, ಹೊತ್ತು ಇಳಿದಂತೆ ಕಾಲು ಸ್ವಲ್ಪ ಊದುತ್ತದೆ, ಬೆಳಿಗ್ಗೆ ಸರಿಯಾದದ್ದು ಸಂಜೆ ಬಿಗಿಯಾಗುತ್ತದೆ. ಅಂಗಡಿಯ ಹುಡುಗ ಶಿವಕಿರಣ್ ಕಾಲೇಜು ಓದುತ್ತ ಶನಿವಾರ ಭಾನುವಾರ ಅಲ್ಲಿ ಕೆಲಸ ಮಾಡುವವನು, ಬಲು ಮಾತಿನ ಮಲ್ಲ. ಅವನು ತಂದಿಟ್ಟ ಪ್ರತಿಯೊಂದರ ಒಳಗೂ ನಾನು ಕೈ ಹಾಕಿ ಹೊಲಿಗೆ ಎಲ್ಲಾದರೂ ಉಬ್ಬಿದೆಯೇ ಅಂತ ತಡವಿದೆ. ಅಪ್ಪನ ಕಾಲಿಗೆ ಗೊತ್ತಾಗದ್ದು ನನ್ನ ಬೆರಳಿಗಾದರೂ ಗೊತ್ತಾಗಬೇಕಲ್ಲ. ಅಡಿಯನ್ನು ಬಗ್ಗಿಸಿ ನೋಡಿದೆ, ಬೆರಳಿನ ಬುಡದಲ್ಲಿ ಬಗ್ಗಬೇಕು, ನಡುವೆ ಮಡಚಿಕೊಳ್ಳಬಾರದು. ಹೆಬ್ಬೆರಳಿನ ಮುಂದೆ ನನ್ನ ಒಂದು ಬೆರಳಗಲ ಜಾಗ ಇರಬೇಕು. "ಮೇಡಂ, ನೀವು ಚಪ್ಲಿ ತಗೊಳ್ತಾ ಇದೀರೋ ಅಳಿಯನ್ನ ನೋಡ್ತಾ ಇದೀರೋ?" ಅಂದ ಆ ಹುಡುಗ.

ಮೂರನೆಯದು ಹೇಳಿ ಮಾಡಿಸಿದಂತಿತ್ತು. ಬೂದು ಬಣ್ಣ, ದಪ್ಪ ಅಡಿ, ಮೂರು ಪಟ್ಟಿ. ಅಪ್ಪ ಎದ್ದು ನಿಂತ. ನಡೆದು ನೋಡಪ್ಪಾ ಅಂದೆ. ಅವನು ನಡೆಯಲಿಲ್ಲ. ಒಂದು ಕಾಲಿನ ತುದಿಯಿಂದ ಇನ್ನೊಂದರ ಹಿಮ್ಮಡಿಯನ್ನು ಒತ್ತಿ ಕಳಚಲು ನೋಡಿದ. ಬರಲಿಲ್ಲ. ಬಗ್ಗಿ ಪಟ್ಟಿ ಎಳೆದ. ವೆಲ್ಕ್ರೋ ಕರ್ರ್ ಅಂತ ಸದ್ದು ಮಾಡಿತು. ಅಪ್ಪ ಬೆಚ್ಚಿ ಸುತ್ತ ನೋಡಿದ. "ಬ್ಯಾಡವ್ವಾ, ಇದು ಭಾಳ ಸಪ್ಪಳ ಮಾಡತೈತಿ." ಹುಡುಗ ನಕ್ಕು, "ಯಾಕ್ ಸಾರ್, ರಾತ್ರಿ ಏನಾದ್ರೂ ಕಳ್ಳತನಕ್ ಹೋಗೋದಿದ್ಯಾ?" ಅಂದ. ಬಕಲ್ ಇದ್ದದ್ದನ್ನು ತಂದ. ಅಪ್ಪ ಅದನ್ನೂ ಹಾಕಿಕೊಂಡ ಕೂಡಲೇ ಬಿಚ್ಚಲು ನೋಡಿದ. "ಇದಕ್ಕ ಎರಡೂ ಕೈ ಬೇಕು. ಲಗೂ ಬರಂಗಿಲ್ಲ." ಇನ್ನೊಂದನ್ನು ಕಾಲಿಗೆ ಹಾಕಿಕೊಳ್ಳಲೇ ಇಲ್ಲ. ಎತ್ತಿ ತೂಗಿ ನೋಡಿ, "ಕೈಯಾಗ ಹಿಡಕೊಂಡ್ರ ಭಾರ ಆಗತೈತಿ" ಅಂದ. "ಸಾರ್, ಅದು ಕಾಲಿಗೆ ಹಾಕ್ಕೊಳ್ಳೋದು, ಕೈಗಲ್ಲ!" ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ ಅವ್ವಾ.

ಆಮೇಲೆ ಅಪ್ಪ ತಾನೇ ಹೋಗಿ ಮೂಲೆಯ ಅಟ್ಟಣೆಯಿಂದ ಒಂದು ಜೊತೆ ತಂದ. ಮುಂದೆ ಕ್ಯಾನ್ವಾಸ್ ಬಟ್ಟೆ ಮುಚ್ಚಿದ, ಹಿಂದೆ ಏನೂ ಇಲ್ಲದ, ಹಗುರವಾದದ್ದು. ಕಾಲು ತೂರಿಸಿದ. ಒಂದು ಹೆಜ್ಜೆ ಇಟ್ಟ. ಎರಡನೆಯ ಹೆಜ್ಜೆಗೆ ಎರಡೂ ಕಾಲು ಹೊರಗಿದ್ದವು. ಸದ್ದಿಲ್ಲ, ನಿಂತದ್ದೂ ಇಲ್ಲ. ನಡೆಯುತ್ತಲೇ ಬಗ್ಗಿ ಎರಡನ್ನೂ ಎಡಗೈಯಲ್ಲಿ ಎತ್ತಿಕೊಂಡು ಕಂಕುಳಿಗೆ ಸಿಕ್ಕಿಸಿದ. ಬಲಗೈ ತಾನಾಗಿ ಹೆಗಲಿಗೆ ಹೋಗಿ ಟವೆಲನ್ನು ಕೆಳಗಿಳಿಸಿತು. ತಲೆ ಬಗ್ಗಿತು. ಹಾಗೇ ಕನ್ನಡಿಯವರೆಗೆ ಬರಿಗಾಲಲ್ಲಿ ನಡೆದು, ತಿರುಗಿ, ತೃಪ್ತಿಯಿಂದ "ಇದು ಚೊಲೋ ಐತಿ" ಅಂದ.

ಆ ನಡಿಗೆ ನನಗೆ ಗೊತ್ತು. ಅಜ್ಜ ಕಟ್ಟೆಯ ಮುಂದೆ ಹಾಗೆ ಹೋಗುತ್ತಿದ್ದದ್ದನ್ನು ನಾನು ತೀರಾ ಚಿಕ್ಕವಳಿದ್ದಾಗ ನೋಡಿದ್ದೇನೆ. ಅದು ಅಜ್ಜನ ಜೊತೆಗೇ ಮಣ್ಣಾಯಿತು ಅಂದುಕೊಂಡಿದ್ದೆ. ಅಸ್ಪೃಶ್ಯತೆಯನ್ನು ರದ್ದುಪಡಿಸಲಾಗಿದೆ ಅನ್ನುವ ಹದಿನೇಳನೆಯ ವಿಧಿಯನ್ನು ನಾನು ನಿದ್ದೆಗಣ್ಣಲ್ಲೂ ಹೇಳುತ್ತೇನೆ. ಹೋದ ವರ್ಷ ಸಂಘದ ಸಭೆಯಲ್ಲಿ ಮೈಕಿನ ಮುಂದೆ, ನಮ್ಮೂರಲ್ಲಿ ಈಗ ಚಪ್ಪಲಿ ಬಿಡಿಸುವ ಕಾಟವಿಲ್ಲ ಅಂತ ಎದೆಯುಬ್ಬಿಸಿ ಹೇಳಿ ಬಂದಿದ್ದೆ. ನಾನು ನಂಬಿದ್ದೆ ಅವ್ವಾ. ಯಾಕೆ ನಂಬಿದ್ದೆ ಅಂತ ಆ ಕನ್ನಡಿಯ ಮುಂದೆ ನಿಂತಾಗ ತಿಳಿಯಿತು. ನಾಲ್ಕನೆಯ ಇಯತ್ತೆಗೆ ಹಾಸ್ಟೆಲಿಗೆ ಹೋದಾಗಿನಿಂದ, ನಾನು ಊರಿಗೆ ಬಂದಾಗಲೆಲ್ಲ ಅಪ್ಪ ಬಸ್ಸಿನ ಹತ್ತಿರವೇ ನಿಂತಿರುತ್ತಿದ್ದ. ಇಳಿದ ಕೂಡಲೇ ಚೀಲ ಹೊತ್ತುಕೊಂಡು, "ಹಳ್ಳದ ದಾರಿ ತಂಪೈತಿ ಬಾ" ಅಂತ ಹಿಂದಿನಿಂದ ಕರೆದೊಯ್ಯುತ್ತಿದ್ದ. ಮಳೆಗಾಲದಲ್ಲೂ ಹಳ್ಳದ ದಾರಿ, ಕೆಸರಿದ್ದರೂ ಹಳ್ಳದ ದಾರಿ. ನನ್ನ ಬಾಯಿ, ನನ್ನ ಸಿಟ್ಟು, ನನ್ನ ಕಾಲಿನ ಚಪ್ಪಲಿ, ಇವು ಆ ಕಟ್ಟೆಯ ಮುಂದೆ ಹಾಯಬಾರದು ಅಂತ ಇಷ್ಟು ವರ್ಷ ನನ್ನನ್ನು ಸುತ್ತು ಹಾಕಿಸಿದ್ದಾನೆ. ನಾನು ನೋಡದ್ದನ್ನೆಲ್ಲ ಇಲ್ಲವೆಂದುಕೊಂಡೆ.

ನಾನು ಆ ಬೂದು ಬಣ್ಣದ, ಮೂರು ಪಟ್ಟಿಯ ಜೊತೆಯನ್ನೇ ಕಟ್ಟಿಸಿದೆ. ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ, "ಅಪ್ಪಾ, ಆ ಗಾಜು ಎಲ್ಲಿ ಚುಚ್ಚಿತು?" ಅವನು ಕಿಟಕಿಯ ಕಡೆ ಮುಖ ತಿರುಗಿಸಿ ಹೇಳಿದ, "ಕಟ್ಟಿ ಮುಂದ. ಸೋಡಾ ಅಂಗಡೀದು. ನನಗ ತಿಳೀಲೇ ಇಲ್ಲವ್ವಾ. ಮನಿಗೆ ಬಂದ ಮ್ಯಾಲ ನಿಮ್ಮವ್ವ, ಹಿಂದ ರಕ್ತ ಬಿದ್ದೈತಿ ನೋಡ್ರಿ ಅಂದ್ಲು." ಯಾರು ನಿನಗೆ ಬಿಚ್ಚು ಅಂದರು, ಹೆಸರು ಹೇಳು, ಕಾಯ್ದೆ ಇದೆ ಅಂತ ನಾನು ಕೂಗಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಅಪ್ಪ ನನ್ನ ಮೊಣಕೈ ಹಿಡಿದು ಮೆಲ್ಲಗೆ ಹೇಳಿದ, "ಯಾರೂ ಅನ್ನಂಗಿಲ್ಲವ್ವಾ. ಅನ್ನೋ ಕಾಲ ಹೋತು. ಹಿರ್ಯಾರು ಕುಂತಿರ್ತಾರ, ಕಾಲು ತಾನ ಬಿಡತೈತಿ. ನಾಕ ಹೆಜ್ಜಿ. ನಾಕ ಹೆಜ್ಜಿಗೆ ಯಾರರ ಕೋರ್ಟಿಗೆ ಹೋಗ್ತಾರೇನು?"

ಬಾವಿಯ ಬಗ್ಗೆ ಓದಿದ್ದೇನೆ, ಗುಡಿಯ ಬಗ್ಗೆ, ಹೋಟೆಲಿನ ಲೋಟದ ಬಗ್ಗೆ ಓದಿದ್ದೇನೆ. ಯಾರೂ ಹೇಳದಿದ್ದರೂ ತಾನಾಗಿ ಕಳಚಿಕೊಳ್ಳುವ ಹಿಮ್ಮಡಿಯ ಬಗ್ಗೆ ನಾನು ಓದಿದ ಒಂದು ಹಾಳೆಯಲ್ಲೂ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಯಾವುದು ಗೊತ್ತೇ? ನೀನು. ರಕ್ತ ತೊಳೆದವಳು ನೀನು. ಕೂಳೆಯ ಕತೆಗೆ ಹೂಂಗುಟ್ಟಿದವಳೂ ನೀನು. ಎರಡು ದೀಪಾವಳಿಯ ಹಿಂದೆ ನಿನಗೆಂದು ನಾನು ತಂದ ಚಪ್ಪಲಿ ಯಾಕೆ ಇನ್ನೂ ಹೊಸದಾಗಿಯೇ ಅಟ್ಟದ ಮೇಲಿದೆ ಅಂತ ಕೇಳಿದರೆ, ನೀನು "ಕಾಲಿಗೆ ಕಚ್ಚತಾವ" ಅನ್ನುತ್ತಿದ್ದೆ. ಸಿಟ್ಟು ಬಂದು ರಾತ್ರಿ ಊಟ ಬಿಟ್ಟೆ. ಆಮೇಲೆ, ನಾಳೆ ಗೌಡರ ಹತ್ತಿಗೆ ಆಳಾಗಿ ಹೋಗಬೇಕಾದವಳು ನೀನೇ ಹೊರತು ನಾನಲ್ಲ ಅನ್ನುವುದು ನೆನಪಾಯಿತು. ಸಿಟ್ಟು ಹೋಗಲಿಲ್ಲ. ಆದರೆ ಅದು ನಿನ್ನನ್ನು ಬಿಟ್ಟು, ಆ ಕಟ್ಟೆಯ ಮೇಲೆ ಹೋಗಿ ಕೂತಿತು.

ಇವತ್ತು ಬೆಳಿಗ್ಗೆಯದನ್ನು ಕೇಳು. ನಮ್ಮ ಬೀದಿಯ ಹಾಲಿನ ಬೂತಿನ ಪಕ್ಕ ಹೊಂಗೆ ಮರದ ಕೆಳಗೆ ಕಲ್ಲು ಬೆಂಚಿದೆ, ರಿಟೈರಾದ ಯಜಮಾನರು ಪೇಪರ್ ಹಿಡಿದು ಕೂತಿರುತ್ತಾರೆ. ಬೆಂಗಳೂರಿಗೆ ಬಂದಾಗಿನಿಂದ ಅಪ್ಪ ಆ ಬೆಂಚಿನ ಹತ್ತಿರ ಬಂದ ಕೂಡಲೇ ಹವಾಯಿ ಚಪ್ಪಲಿ ಬಿಟ್ಟು ಕೈಗೆ ತೆಗೆದುಕೊಳ್ಳುತ್ತಿದ್ದ. ಮರದ ಬುಡದಲ್ಲಿ ನಾಗರಕಲ್ಲು ಇದೆಯಲ್ಲ, ದೇವರಿಗೆ ಬಿಡುತ್ತಾನೆ ಅಂತ ನಾನು ಸುಮ್ಮನಿದ್ದೆ. ಲಗ್ಗೆರೆಯಲ್ಲಿ ಅವ್ವಾ! ಅಪ್ಪ ಯಾರು, ಯಾವ ಕೇರಿ ಅಂತ ಒಬ್ಬರಿಗೂ ಗೊತ್ತಿಲ್ಲದ ಕಡೆ! ಇವತ್ತು ಮೂರು ಪಟ್ಟಿಯನ್ನೂ ನಾನೇ ಕೂತು ಬಿಗಿದೆ. ಮನೆ ಓನರ್ ವೆಂಕಟಲಕ್ಷ್ಮಮ್ಮ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದವರು, "ಏನ್ ಮರೆಪ್ಪನೋರೆ, ಮಿಲ್ಟ್ರಿಗೆ ಸೇರ್ಬಿಟ್ರಾ?" ಅಂದರು. ಅಪ್ಪ ನಾಚಿ ನಕ್ಕ. ಬೆಂಚು ಬಂತು. ಅಪ್ಪ ನಿಂತ. ಬಲಗಾಲಿನ ತುದಿ ಎಡ ಹಿಮ್ಮಡಿಯನ್ನು ಒತ್ತಿತು, ಬರಲಿಲ್ಲ. ಇನ್ನೊಮ್ಮೆ ಒತ್ತಿತು. ಟವೆಲಿಗೆ ಹೋದ ಕೈ ಅಲ್ಲೇ ಉಳಿಯಿತು. ಬೆಂಚಿನ ಮೇಲಿದ್ದ ಒಬ್ಬರು ಪೇಪರ್ ಕೆಳಗಿಳಿಸಿ, ಅಪ್ಪನ ಕಾಲನ್ನೇ ನೋಡತೊಡಗಿದರು. "ಚೆನ್ನಾಗಿದೆ ಕಣ್ರೀ ಚಪ್ಲಿ. ಎಲ್ ತಗೊಂಡ್ರಿ? ವಾಕಿಂಗ್ ಹೋಗಿ ಅಂತ ನಮ್ಮನೆಯವಳು ತಲೆ ತಿಂತಾಳೆ" ಅಂದರು. ಅಪ್ಪ ಒಮ್ಮೆ ತನ್ನ ಕಾಲನ್ನು ನೋಡಿಕೊಂಡು, "ರಾಜಾಜಿನಗರರೀ" ಅಂದ. ಆಮೇಲೆ ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು ಅವರ ಮುಂದೆ ಹಾದುಹೋದ. ತಿರುವು ದಾಟಿದ ಮೇಲೆ ನೋಡಿದರೆ, ಆ ತಂಪು ಹೊತ್ತಿನಲ್ಲೂ ಅಂಗಿ ಬೆನ್ನಿಗೆ ಅಂಟಿತ್ತು. "ಏನೂ ಆಗಲಿಲ್ಲ ನೋಡವ್ವಾ" ಅಂದ. ಅದನ್ನೇ ಮನೆಯವರೆಗೂ ಹೇಳುತ್ತ ಬಂದ.

ಶುಕ್ರವಾರ ರಾತ್ರಿ ಬಸ್ಸಿಗೆ ಹೊರಡುತ್ತೇವೆ, ನಾನೂ ಬರುತ್ತೇನೆ. ಸೂಪರ್‌ವೈಸರ್ ರಜೆ ಕೊಟ್ಟರೂ ಸರಿ, ಕೊಡದಿದ್ದರೂ ಸರಿ. ಶನಿವಾರ ಬೆಳಿಗ್ಗೆ ಬಸ್ಸು ಇಳಿದರೆ, ನಮ್ಮ ಕೇರಿಗೆ ನೇರ ದಾರಿ ಕಟ್ಟೆಯ ಮುಂದೆಯೇ ಹಾಯುತ್ತದೆ. ಹಳ್ಳದ ದಾರಿ ಈ ಸಲ ಬೇಡ ಅಂತ ಅಪ್ಪನಿಗೆ ಹೇಳಿದ್ದೇನೆ. ಅವನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ನೀನೂ ಬಸ್ಸಿನ ಹತ್ತಿರ ಬಾ. ಅಟ್ಟದ ಮೇಲಿನ ಚಪ್ಪಲಿ ಇಳಿಸು.

ಮೊಣಕಾಲಿಗೆ ಎಣ್ಣೆ ಮರೆಯಬೇಡ. ಕರಿ ಮೇಕೆಯ ಮರಿಗೂ ನಿನಗೂ ಒಂದೊಂದು ಮುತ್ತು.

ನಿನ್ನ ಮಗಳು,
ಶಿಲ್ಪಾ

ಇನ್ನೊಂದು ಮಾತು: ಪತ್ರ ಮಡಚುವಷ್ಟರಲ್ಲಿ ಇದು ಗೊತ್ತಾಯಿತು. ಮಧ್ಯಾಹ್ನ ಅಡ್ಡಾಡಿ ಬರುತ್ತೇನೆ ಅಂತ ಹೋದ ಅಪ್ಪ ಸಂಜೆ ಬಂದ. ಆಮೇಲೆ ಅವನ ಚೀಲದಲ್ಲಿ ಮಾತ್ರೆ ಇಡಲು ಹೋದರೆ, ಧೋತರದ ಮಡಿಕೆಯೊಳಗೆ ಅದೇ ಕ್ಯಾನ್ವಾಸಿನದು, ಹಿಂದೆ ಪಟ್ಟಿ ಇಲ್ಲದ್ದು! ಒಬ್ಬನೇ ರಾಜಾಜಿನಗರಕ್ಕೆ ಹೋಗಿ ತಂದಿದ್ದಾನೆ. ಬೆಳಗಿನದೆಲ್ಲ ಸುಳ್ಳೇನಪ್ಪಾ ಅಂತ ಕೂಗಾಡಿದೆ. ಅವನು ತಲೆ ತಗ್ಗಿಸಿ, "ನನಗಲ್ಲ, ನಿಮ್ಮವ್ವಗ. ನಾನು ಬಿಚ್ಚಂಗಿಲ್ಲ. ಆಕಿಗೆ ಅಂಜಿಕಿ ಆದ್ರ ಲಗೂ ಬಿಚ್ಚಾಕ ಬರಬೇಕಲ್ಲ" ಅಂದ. ನೋಡಿದರೆ ನಿಜವಾಗಿ ನಿನ್ನ ಅಳತೆ. ಅವ್ವಾ, ಬಿಚ್ಚುವುದಿಲ್ಲ ಅಂತ ಅವನು ಗಟ್ಟಿ ಮಾಡಿಕೊಂಡಿರುವುದು ತನ್ನೊಬ್ಬನ ಕಾಲಿನ ಮಟ್ಟಿಗೆ ಮಾತ್ರ. ನಾನು ಅವನ್ನು ಮತ್ತೆ ಚೀಲದಲ್ಲೇ ಇಟ್ಟಿದ್ದೇನೆ, ಅವು ನಿನ್ನವು. ಆದರೆ ಇಡುವ ಮೊದಲು ದಬ್ಬಣ ಹಿಡಿದು ಎರಡಕ್ಕೂ ಹಿಮ್ಮಡಿಗೆ ಗಟ್ಟಿಯಾದ ಪಟ್ಟಿ ಹೊಲಿದಿದ್ದೇನೆ. ಬೇಡವೆನಿಸಿದರೆ ಕತ್ತರಿಸಿಬಿಡು, ನಾನು ಏನೂ ಅನ್ನುವುದಿಲ್ಲ. ಕತ್ತರಿಸುವ ಮೊದಲು ಒಂದು ಸಲ ಹಾಕಿಕೊಂಡು, ನಮ್ಮ ಅಂಗಳದಲ್ಲೇ ನಡೆದು ನೋಡು.