ಕೆಂಪು ಗುರುತು ಮುಚ್ಚಿದ ಮೇಲೆ

ತಾ. 3 ಜೂನ್
(ಊರ ಹೆಸರು ಬರೆಯುವಂತಿಲ್ಲ)

ತೀರ್ಥರೂಪ ಅವ್ವನ ಪಾದಗಳಿಗೆ ಅಭಿನಂದನನ ನಮಸ್ಕಾರಗಳು. ಜಯ ಜಿನೇಂದ್ರ.

ನಾನಿಲ್ಲಿ ಕೈಕಾಲು ಗಟ್ಟಿಯಾಗಿದ್ದೇನೆ. ಪತ್ರ ತಡವಾಯಿತು, ಸಿಟ್ಟಾಗಬೇಡ. ಯುದ್ಧ ಶುರುವಾದ ದಿನವೇ ನಮ್ಮ ಫೋನುಗಳನ್ನು ಇಸಿದುಕೊಂಡು ಬೀಗ ಹಾಕಿದರು, ಇನ್ನೂ ಕೊಟ್ಟಿಲ್ಲ. ಆಫೀಸಿನ ಫೋನಿನಲ್ಲಿ ವಾರಕ್ಕೊಮ್ಮೆ ಎರಡು ಮಾತು ಆಡಬಹುದು, ಅದರಲ್ಲಿ ಒಂದು ಮಾತು ತಂಗಿ ಮಯೂರಿ ಅಳುವುದರಲ್ಲೇ ಹೋಗುತ್ತದೆ. ಈಗ ಗುಂಡಿನ ಸದ್ದು ನಿಂತಿದೆ. ರಾಯಬಾಗದವರೊಬ್ಬರು ರಜೆಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಪೆನ್ನು ಹಿಡಿದರೆ ಬೆರಳು ಮಡಚುತ್ತಿಲ್ಲ, ಉಗುರಿನ ಸಂದಿಯಲ್ಲೆಲ್ಲ ಹಸಿರು ಬಣ್ಣ. ಅಕ್ಷರ ಕೆಟ್ಟಿದ್ದರೆ ಮಯೂರಿ ಸಾವಕಾಶ ಓದಿ ಹೇಳಲಿ. ಕಣ್ಣಿನ ಪೊರೆ ತೆಗೆಸಿದ ಮೇಲೆ ನೀನೇ ಓದುವಿಯಂತೆ.

ಅವಳು ಎಲ್ಲ ಹೇಳಿದ್ದಾಳೆ. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ನೀನು ತಲೆ ತಿರುಗಿ ಬಿದ್ದದ್ದು, ಮತ್ತೆ ಬಸದಿಯ ಮೆಟ್ಟಿಲ ಮೇಲೆ ಬಿದ್ದದ್ದು. ಕಾಗವಾಡದ ಡಾಕ್ಟರು, "ಇಂಥಾ ಬಿಸಲಾಗ ಉಪ್ಪ ಬಿಟ್ರ ಜೀವ ಉಳಿಯೂದಿಲ್ಲ ಆಯಿ, ಇನ್ನೊಮ್ಮಿ ಬಿದ್ರ ನನ್ನ ಕೈಯಾಗ ಏನೂ ಇಲ್ಲ" ಎಂದರಂತೆ. ನೀನು ಅವರಿಗೇ ತಿರುಗಿ, "ಮುನಿ ಮಹಾರಾಜರ ಮುಂದ ತಗೊಂಡ ನೇಮ ಡಾಕ್ಟರ ಮುಂದ ಬಿಡಾಕ ಬರತೈತೇನ್ರಿ?" ಎಂದೆಯಂತೆ. ಅಲ್ಲ ಅವ್ವಾ, ಮಕ್ಕಳ ಸಲುವಾಗಿ ನೇಮ ಹಿಡಿಯುವವರನ್ನು ನೋಡಿದ್ದೇನೆ. ಯುದ್ಧಕ್ಕೆ ಹೋದ ಒಂದು ಹೆಲಿಕಾಪ್ಟರು ತಿರುಗಿ ಬರುವತನಕ ಉಪ್ಪು ಮುಟ್ಟುವುದಿಲ್ಲ ಎಂದು ಮುನಿಗಳ ಮುಂದೆ ಕೈಮುಗಿದವಳು ಇಡೀ ಐನಾಪುರದಲ್ಲಿ ನೀನೊಬ್ಬಳೇ.

ದೀಪಾವಳಿಯ ರಜೆಯಲ್ಲಿ ನಾನು ಆ ಹೆಲಿಕಾಪ್ಟರಿನ ಫೋಟೋ ತೋರಿಸಿದ್ದಷ್ಟೇ. ಅದರ ಬಗಲಿಗೆ ಬಿಳಿ ಚೌಕ, ಚೌಕದೊಳಗೆ ಕೆಂಪು ಕ್ರಾಸ್, ಎರಡೂ ನಾನೇ ಬರೆದದ್ದು. ಇದು ಗಾಯಾಳುಗಳನ್ನು ಹೊತ್ತು ತರುವ ಮಷೀನು, ಈ ಗುರುತು ಕಂಡರೆ ವೈರಿಯೂ ಹೊಡೆಯಬಾರದೆಂಬ ಕಾಯಿದೆ ಇದೆ ಎಂದು ಹೇಳಿದೆ. "ಹಂಗಾರ ಮಿಲಿಟ್ರ್ಯಾಗ ಇದ್ರೂ ನನ್ನ ಮಗ ಜೀವಾ ಉಳಸೂ ಕೆಲಸಾನ ಮಾಡಾಕತ್ತಾನ" ಎಂದು ನೀನು ಫೋಟೋ ಬಸದಿಗೆ ಒಯ್ದು ಕಂಡವರಿಗೆಲ್ಲ ತೋರಿಸಿದೆ. ನಿನ್ನ ಪಾಲಿಗೆ ಆ ಮಷೀನು ಮೊಮ್ಮಗನಾಗಿ ಕೂತಿತು. ನಲವತ್ತು ಹತ್ತಿರ ಬಂದರೂ ಮದುವೆಯಾಗದ ಮಗನಿದ್ದರೆ ಹೀಗೇ ಆಗುತ್ತದೆ.

ಹೋದ ಸಲ ಫೋನಿನಲ್ಲಿ ಕೇಳಿದೆಯಲ್ಲ, "ಟೀವ್ಯಾಗ ತೋರಸೂ ಇಮಾನಕ್ಕ ಕೆಂಪ ಗುರ್ತಾನ ಕಾಣವಲ್ದಲ್ಲೊ?" ಎಂದು. ಸಾಹೇಬರು ಪಕ್ಕದಲ್ಲೇ ನಿಂತಿದ್ದರು, ಉತ್ತರ ಕೊಡಲಾಗಲಿಲ್ಲ. ಈಗ ಹೇಳುತ್ತೇನೆ. ಶಾಂತಿಯ ಕಾಲದಲ್ಲಿ ಹೆಲಿಕಾಪ್ಟರೆಂದರೆ ಕಾರಹುಣ್ಣಿಮೆಯ ಎತ್ತು. ಹೊಳೆಯುವ ಮೈ, ದೊಡ್ಡ ನಂಬರು, ಬಾಲಕ್ಕೆ ಬಣ್ಣದ ಪಟ್ಟಿ, ಕೇಸರಿ ಬಿಳಿ ಹಸಿರಿನ ದುಂಡು ಗುರುತು. ಯುದ್ಧ ಬಂತೆಂದರೆ ಆ ಸಿಂಗಾರವೆಲ್ಲ ಇಳಿಸಬೇಕು. ನಂಬರು ಬೆರಳುದ್ದವಾಗುತ್ತದೆ, ದುಂಡು ಗುರುತು ಹತ್ತಿರ ಹೋದರಷ್ಟೇ ಕಾಣುವಷ್ಟು ಮಂಕಾಗುತ್ತದೆ, ಮೈಗೆಲ್ಲ ಹೊಳಪಿಲ್ಲದ ಹಸಿರು ಮತ್ತು ಮಣ್ಣಿನ ಬಣ್ಣ. ಬಿಸಿಲಿಗೆ ಒಂದು ಮೂಲೆ ಮಿಂಚಿದರೂ ಆಚೆ ಗುಡ್ಡದವರಿಗೆ ಗೊತ್ತಾಗುತ್ತದೆ. ಬಿಳಿ ಚೌಕವಂತೂ ದೂರಕ್ಕೆ ಕಾಣಲೆಂದೇ ಬರೆದದ್ದು. ಅದನ್ನೂ ಮುಚ್ಚೆಂದು ಹುಕುಂ ಬಂತು, ಮುಚ್ಚಿದೆ.

ಸುಲಭಕ್ಕೆ ಅಡಗಲಿಲ್ಲ ಅದು. ಎರಡು ಕೈ ಹಸಿರು ಬಣ್ಣ ಹೊಡೆದು ಮರುದಿನ ಬಂದು ನೋಡಿದರೆ ಹಸಿರಿನೊಳಗಿಂದ ಕೆಂಪು ಎದ್ದು ಕೂತಿತ್ತು. ನಿಪ್ಪಾಣಿಯಲ್ಲಿ ಟ್ರಕ್ಕಿನ ಮೇಲೆ ಹೆಸರು ಬರೆಯಲು ಕಲಿಸಿದ ಧರೆಪ್ಪ ಮಾಸ್ತರರು, ಹಳೇ ಮಾಲಕನ ಹೆಸರು ಅಳಿಸುವಾಗ, "ಕೆಂಪ ಒಳಗಿಂದ ಎದ್ದ ಬರತೈತಿ ತಮ್ಮಾ, ಮೊದಲ ಬೆಳ್ಳಿ ಬಣ್ಣಾ ಹೊಡದ ಅದರ ಬಾಯಿ ಮುಚ್ಚು" ಅನ್ನುತ್ತಿದ್ದರು. ಹಾಗೇ ಮಾಡಿದೆ. ಆ ಮಷೀನಿನಲ್ಲಿ ಹಾರುವ ಚಿಂಚಲಿಯ ಮಾಳಸಿದ್ದ ಪಕ್ಕದಲ್ಲಿ ನಿಂತು, ನೀನು ಕಳಿಸಿದ ಶೇಂಗಾ ಚಟ್ನಿಯನ್ನು ಬೆರಳಲ್ಲೇ ತಿನ್ನುತ್ತಿದ್ದ. ಬಳ್ಳೊಳ್ಳಿ ಇಲ್ಲದ ಚಟ್ನಿ ಎಂದು ದಿನಾ ಬೈಯುತ್ತಾನೆ, ದಿನಾ ತಿನ್ನುತ್ತಾನೆ. "ಎಷ್ಟ ತಿಕ್ಕತೀಲೇ? ನಾವು ಹೊಳ್ಳಿ ಬಂದ ಮ್ಯಾಲ ಮತ್ತ ನೀನ ಬರೀಬೇಕು" ಎಂದ.

ದಣಿದಿದ್ದೇನೆ ಅವ್ವಾ. ಮಲಗಿದರೆ ಹೋಗುವ ದಣಿವಲ್ಲ ಇದು. ಬಂದ ಮಷೀನು ತೊಳೆಯುವುದು, ತರಚಿದಲ್ಲಿ ಮತ್ತೆ ಬಳಿಯುವುದು, ಕಳಿಸುವುದು. ಗುರುತುಗಳನ್ನೆಲ್ಲ ಅಳಿಸಿದ ಮೇಲೆ ಎಲ್ಲವೂ ಒಂದೇ ತರಹ. ಯಾವುದು ಬಂತು, ಯಾವುದು ಬರಲಿಲ್ಲ ಎಂದು ತಿಳಿಯಬೇಕಾದರೆ ಓಡಿಹೋಗಿ ಆ ಬೆರಳುದ್ದದ ನಂಬರು ಓದಬೇಕು.

ಇನ್ನು ನೀನು ಕಾಯುತ್ತಿದ್ದ ಮಾತು. ನಿನ್ನ ಮಷೀನು ತಿರುಗಿ ಬಂದಿದೆ. ಬಾಲ ಸ್ವಲ್ಪ ತರಚಿದೆ, ಬೇರೇನೂ ಆಗಿಲ್ಲ. ನಿನ್ನೆ ಬಗಲು ಉಜ್ಜಿ, ಟೇಪು ಹಚ್ಚಿ, ಬಿಳಿ ಚೌಕ ಬರೆದೆ. ಇವತ್ತು ಕೆಂಪು ತುಂಬಿದೆ. ಮಾಳಸಿದ್ದ ನಿನಗೆ ನಮಸ್ಕಾರ ಹೇಳಿದ್ದಾನೆ, ಚಟ್ನಿ ತೀರಿದೆ ಎಂದೂ ಹೇಳಿದ್ದಾನೆ. ನಿನ್ನ ನೇಮ ಪೂರ್ತಿಯಾಯಿತು. ಬಸದಿಗೆ ಹೋಗಿ ದರ್ಶನ ಮಾಡಿಕೊಂಡು ಬಂದು, ಮಯೂರಿಯ ಕೈಯಿಂದ ಉಪ್ಪು ಹಾಕಿದ ಅಂಬಲಿ ಕುಡಿ. ಆ ಡಾಕ್ಟರು ಹೇಳಿದ್ದನ್ನು ಸ್ವಲ್ಪ ದಿನ ಕೇಳು. ಹೊಸ ನೇಮ ಮಾತ್ರ ಹಿಡಿಯಬೇಡ ತಾಯಿ, ಇಲ್ಲಿಂದಲೇ ಕೈಮುಗಿಯುತ್ತೇನೆ.

ಮಯೂರಿಗೆ ನನ್ನ ಆಶೀರ್ವಾದ, ಒಬ್ಬಳೇ ಎಲ್ಲ ಸಂಭಾಳಿಸಿದ್ದಾಳೆ, ಅವಳನ್ನು ಬೈಯಬೇಡ. ನಿನ್ನ ಕೈ ನನ್ನ ತಲೆಯ ಮೇಲೆ ಯಾವಾಗಲೂ ಇರಲಿ.

ನಿನ್ನ ಮಗ,
ಅಭಿನಂದನ

ತಾ.ಕ.: ಮಯೂರಿ, ಈ ಬೇರೆ ಹಾಳೆ ನಿನಗೊಬ್ಬಳಿಗೆ. ಅವ್ವನ ಮುಂದೆ ಓದಬೇಡ.

ಆ ಮಷೀನು ಬಂದಿಲ್ಲ. ಗುಡ್ಡದ ಮೇಲೆ ಸುಟ್ಟ ತುಂಡುಗಳು ಸಿಕ್ಕಿವೆ. ಮಾಳಸಿದ್ದ ಅದರಲ್ಲೇ ಇದ್ದ. ಇವತ್ತು ನಾನು ಕೆಂಪು ತುಂಬಿದ್ದು ಬೇರೆ ಮಷೀನಿಗೆ. ಗುರುತು ಮುಚ್ಚಿಸಿದ್ದು ದೂರಕ್ಕೆ ಕಾಣುತ್ತದೆ ಎಂದಷ್ಟೇ ಅಲ್ಲ, ಆ ಮಷೀನಿಗೆ ಬಂದೂಕನ್ನೂ ಕೂರಿಸಿದ್ದರು. ಬಂದೂಕು ಹೊತ್ತದ್ದು ಆ ಗುರುತು ಹೊರಬಾರದು, ಅದೂ ಕಾಯಿದೆಯೇ. ಸಾಹೇಬರು ಸರಿಯಾದದ್ದನ್ನೇ ಹೇಳಿದರು, ನಾನೂ ಸರಿಯಾಗಿಯೇ ಮುಚ್ಚಿದೆ. ಆದರೆ ಅವತ್ತು ಅದು ಗಾಯಾಳುಗಳನ್ನು ಹೊತ್ತು ಬರುತ್ತಿತ್ತು. ಗುರುತು ಇದ್ದಿದ್ದರೆ ಹೊಡೆಯುತ್ತಿರಲಿಲ್ಲವೇನೋ ಎಂಬ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಯಾರನ್ನು ಕೇಳಲಿ ಹೇಳು.

ಇನ್ನು ಆ ನೇಮ ಮುಗಿಯುವ ದಾರಿಯೇ ಇಲ್ಲ. ನಿಜ ಹೇಳಿದರೆ ಅವ್ವ ಸಾಯುವತನಕ ಉಪ್ಪು ಮುಟ್ಟುವವಳಲ್ಲ, ಆ ಸಾವೂ ಬಹಳ ದೂರ ಇರುವುದಿಲ್ಲ. ಪಾಪ ಮಾಡಿದರೂ ಅಷ್ಟೇ, ಮಾಡಿಸಿದರೂ ಅಷ್ಟೇ, ಮಾಡಿದವರಿಗೆ ಹೌದೆಂದರೂ ಅಷ್ಟೇ ಎಂದು ನಮಗೆ ಕಲಿಸಿದವಳು ಅವಳೇ. ಸುಳ್ಳು ನಾನು ಹೇಳಿದ್ದೇನೆ, ನಿನ್ನ ಬಾಯಿಂದ ಓದಿಸಿದ್ದೇನೆ, ಅವಳು "ಖರೇನ ಬಂತೇನಽ?" ಎಂದು ಕೇಳಿದಾಗ ನೀನು ಹೌದು ಅನ್ನಬೇಕು. ಮೂರೂ ನಮ್ಮಿಬ್ಬರಲ್ಲೇ ಮುಗಿಯಲಿ, ಅವ್ವ ಉಣ್ಣಲಿ.