ನೌಕೆ ಹಿಡಿದಿಟ್ಟ ಉಸಿರು

ಮಾರ್ಚ್ 2, ಭಾನುವಾರ. ಬೆಳಿಗ್ಗೆ 6:40

ಬಿಸಿನೀರು, ಉಪ್ಪು. ಎರಡು ಸಲ ಗಾರ್ಗಲ್ ಮಾಡಿದ್ದಾಯಿತು. ಯಾಕೆ ಅಂತ ನನಗೇ ಗೊತ್ತಿಲ್ಲ. ಈ ವಾರ ಇರುವುದು ಒಂದೇ ಕೆಲಸ. ಯಾವುದೋ ಆಸ್ಪತ್ರೆಯ ಲಿಫ್ಟು, ಹನ್ನೆರಡು ಮಹಡಿ. "ಮೊದಲನೇ ಮಹಡಿ. ಬಾಗಿಲು ತೆರೆಯುತ್ತಿದೆ." ಇದಕ್ಕೆ ಗಂಟಲು ಬೇರೆ ಕೇಡು.

ಸಂಜೆ ಏಳಕ್ಕೆ ಟಿವಿಯಲ್ಲಿ ಆ ಸರಣಿಯ ಸೀಸನ್ ಎರಡು ಶುರು. ನನ್ನನ್ನು ಬಿಟ್ಟು.

ಹೋದ ವರ್ಷ ಹತ್ತು ಎಪಿಸೋಡ್, ಆ ಅಂತರಿಕ್ಷ ನೌಕೆಯ ಧ್ವನಿ ನಾನೇ. ಕೊನೆಯಲ್ಲಿ ಬರುವ ಹೆಸರುಗಳಲ್ಲಿ ನಾಲ್ಕನೆಯದು. "ಎಚ್ಚರಿಕೆ. ಶತ್ರು ನೌಕೆ ನಮ್ಮ ಬಲಭಾಗದಿಂದ ಸಮೀಪಿಸುತ್ತಿದೆ. ನಾಯಕರೇ, ದಯವಿಟ್ಟು ನಿರ್ಧಾರ ಕೈಗೊಳ್ಳಿ." ಒಂದಕ್ಷರ ಜಾರಿಲ್ಲ. ಜನ ಇಟ್ಟ ಹೆಸರು? ಅನೌನ್ಸ್‌ಮೆಂಟ್ ಆಂಟಿ. ಯಾರೋ ಪುಣ್ಯಾತ್ಮ ನನ್ನ ಡೈಲಾಗುಗಳನ್ನೆಲ್ಲ ಪೋಣಿಸಿ, ಹಿಂದೆ ಬಸ್ ಸ್ಟ್ಯಾಂಡಿನ ಗದ್ದಲ ಸೇರಿಸಿ ವಿಡಿಯೊ ಮಾಡಿದ್ದ. ಲಕ್ಷಗಟ್ಟಲೆ ಜನ ನಕ್ಕರು. ಇವರೂ ನಕ್ಕರು — ಕಟ್ಟಿಕೊಂಡ ಗಂಡ. ಕಣ್ಣಲ್ಲಿ ನೀರು ಬರುವ ಹಾಗೆ. ದಿನವಿಡೀ ಗಡಿಯಾರ ರಿಪೇರಿ ಮಾಡುವವರಿಗೆ ನಗಲು ಬೇರೇನೂ ಸಿಗುವುದಿಲ್ಲ ಅಂತ ಕಾಣುತ್ತದೆ. ಆ ನಗು ನಾನು ಮರೆತಿಲ್ಲ. ಮರೆಯುವುದೂ ಇಲ್ಲ.

ಆಮೇಲೆ ಹೊಸ ನಿರ್ದೇಶಕಿ ಬಂದಳು. ಫೋನಿನಲ್ಲಿ ಹೇಳಿದಳು, "ಮೇಡಂ, ಈ ಸಲ ನೌಕೆ ಮಾತಾಡಲ್ಲ." ಮುಗಿಯಿತು. ಅವತ್ತಿನಿಂದ ಈ ಡೈರಿಯಲ್ಲಿ ಅವಳು ಕತ್ತರಿ.

ಸಂಜೆ ನೋಡುತ್ತೇನೆ. ಪೆನ್ನು ಕೈಯಲ್ಲೇ ಹಿಡಿದು. ತಪ್ಪು ಹುಡುಕಲಿಕ್ಕೆ.

ಅದೇ ದಿನ, ರಾತ್ರಿ 8:15

ಸಿಕ್ಕ ತಪ್ಪು ಒಂದೇ. ನಾಯಕನ ಶೂ ಲೇಸು ಒಂದು ಶಾಟ್‌ನಲ್ಲಿ ಬಿಚ್ಚಿತ್ತು, ಮುಂದಿನದರಲ್ಲಿ ಕಟ್ಟಿತ್ತು. ಹಾಳಾಗಿ ಹೋಗಲಿ.

ನೌಕೆಯ ಕಾರಿಡಾರ್ ಕಿರಿದು ಮಾಡಿದ್ದಾರೆ. ಮೊದಲು ಕಾರ್ ಶೋರೂಮಿನ ಹಾಗಿತ್ತು. ಈಗ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಜಗಳವಾಡಿದವರೂ ಮೈ ತಾಗಿಸಿಕೊಂಡೇ ದಾಟಬೇಕು. ಸಮವಸ್ತ್ರದ ಮೊಣಕೈ ಸವೆದಿದೆ. ಶತ್ರುವನ್ನು ತೋರಿಸಲೇ ಇಲ್ಲ. ಹೋದ ಸಲ ಅಳುವ ಮುಂಚೆ "ನನಗೆ ದುಃಖವಾಗುತ್ತಿದೆ" ಅನ್ನುತ್ತಿದ್ದ ಡಾಕ್ಟರಮ್ಮ ಈ ಸಲ ಬರೀ ಕೈ ತೊಳೆದಳು. ತೊಳೆದೇ ತೊಳೆದಳು. ಮಾತಿಲ್ಲ, ಕತೆಯಿಲ್ಲ.

ಚೆನ್ನಾಗಿತ್ತು ಅಂತ ಬರೆಯುವುದಿಲ್ಲ.

ನೌಕೆ ಮಾತಾಡಲಿಲ್ಲ, ನಿಜ. ಆದರೆ ಅಪಾಯ ಬರುವ ಮುಂಚೆ ಏನೋ ಒಂದು ಸದ್ದು... ಯಾರೋ ಗಾಳಿ ಒಳಕ್ಕೆ ಎಳೆದುಕೊಂಡ ಹಾಗೆ. ತಕ್ಷಣ ಎಲ್ಲರೂ ಕೈಯಲ್ಲಿದ್ದದ್ದನ್ನು ಹಿಡಿದ ಹಾಗೇ ನಿಂತರು. ಆಮೇಲೆ ಏನೂ ಇಲ್ಲ. ನಿಶ್ಶಬ್ದ. ನನ್ನ ಕೈಮೇಲಿನ ಕೂದಲು ನೆಟ್ಟಗಾಯಿತು. ದ್ರೋಹಿ ಕೂದಲು.

ಇವರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಏನಾಯ್ತು ಅಂತ ಕೇಳಿದ್ದಕ್ಕೆ, "ಏನಿಲ್ಲ... ಯಾಕೋ," ಅಂದರು.

ಮಾರ್ಚ್ 10, ಸೋಮವಾರ

ಲಿಫ್ಟಿನ ಕೆಲಸ ಮುಗಿಯಿತು. ಹನ್ನೆರಡನೇ ಮಹಡಿ ಹೇಳುವಾಗ ದನಿಯಲ್ಲಿ ಸಿಟ್ಟು ಕೇಳಿಸುತ್ತಿದೆಯಂತೆ. ಇನ್ನೊಮ್ಮೆ ಹೇಳಿಸಿದರು.

ಪೇಪರಿನಲ್ಲಿ ವಿಮರ್ಶೆ. "ಮೊದಲ ಸೀಸನ್‌ನಲ್ಲಿ ಮುಗ್ಗರಿಸಿದ ಸರಣಿ ಎರಡನೆಯದರಲ್ಲಿ ಎದ್ದು ನಿಂತಿದೆ. ನೌಕೆಯ ಬಾಯಿ ಮುಚ್ಚಿಸಿದ್ದೇ ದೊಡ್ಡ ಸುಧಾರಣೆ." ಇವರು ಆ ಪುಟವನ್ನು ಮಡಚಿ ಕುರ್ಚಿಯ ಕೆಳಗೆ ತಳ್ಳಿದ್ದರು, ನನ್ನ ಕಣ್ಣಿಗೆ ಬೀಳದಿರಲಿ ಅಂತ. ಗುಡಿಸುವವಳು ನಾನೇ ಅಂತ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಹೊಳೆದಿಲ್ಲ.

ಬರೆದವನಿಗೆ ನಾಲಿಗೆ ಬಿದ್ದುಹೋಗಲಿ.

ಮಾರ್ಚ್ 16, ಭಾನುವಾರ. 7:50

ಮೂರನೇ ಎಪಿಸೋಡ್. ಮಧ್ಯದಲ್ಲಿ ಇವರು ರಿಮೋಟ್ ತೆಗೆದುಕೊಂಡು ನಿಲ್ಲಿಸಿಬಿಟ್ಟರು.

"ಇದು ನೀನು."

"ಏನು ನಾನು?"

"ಆ ಉಸಿರು. ನನ್ನನ್ನ ಬೈಯೋಕೆ ಮುಂಚೆ ನೀನು ಎಳ್ಕೊಳ್ಳೋ ಉಸಿರು ಅದು."

"ತಲೆ ಕೆಟ್ಟಿದೆಯಾ ನಿಮಗೆ?"

"ಅಂಗಡೀಲಿ ಇಪ್ಪತ್ತು ಗಡಿಯಾರ ಒಟ್ಟಿಗೆ ಓಡ್ತಿದ್ರೂ ಯಾವುದು ಕುಂಟ್ತಿದೆ ಅಂತ ಹೇಳ್ತೀನಿ. ಮೂವತ್ತೊಂದು ವರ್ಷ ಕೇಳಿರೋದನ್ನ ಹೇಳಲ್ವಾ? ಬೈಗುಳ ಬಿಡು, ಅದು ಅಭ್ಯಾಸ ಆಗೋಗಿದೆ. ಆ ಉಸಿರಿಗೇ ಕಣೇ ಕೈಕಾಲು ತಣ್ಣಗಾಗೋದು."

ಮೈಯೆಲ್ಲ ಉರಿಯಿತು. ಸರಿಯಾಗಿ ಎರಡು ಮಾತು ಕೊಡೋಣ ಅಂತ ಉಸಿರೆಳೆದೆ.

ಇವರು ಬೆರಳು ಎತ್ತಿದರು. "ಇದೇ."

ಮಾರ್ಚ್ 17, ಸೋಮವಾರ

ಸೌಂಡ್ ಎಂಜಿನಿಯರನನ್ನು ಹಿಡಿದೆ. ಹೋದ ವರ್ಷ ನನ್ನನ್ನು ರೆಕಾರ್ಡ್ ಮಾಡಿದವನೂ ಇವನೇ. ಕುತ್ತಿಗೆಯಿಂದ ಹೆಡ್‌ಫೋನ್ ಇಳಿಸಿದ್ದೇ ನೋಡಿಲ್ಲ, ಹಾಗಾಗಿ ಎಲ್ಲರಿಗೂ ಅವನು ಹೆಡ್‌ಫೋನ್. ನನ್ನನ್ನು ಕಂಡವನೇ ಎದ್ದು ನಿಂತ. ಕಳ್ಳ ಸಿಕ್ಕಿಬಿದ್ದ.

"ಮೆಷಿನ್ನು ಉಸಿರಾಡಲ್ಲ ಅಂತ ಹೋದ ಸಲ ನಿಮ್ಮ ಉಸಿರೆಲ್ಲ ಕಟ್ ಮಾಡಿದ್ದೆ ಅಕ್ಕ. ಪ್ರತಿ ಡೈಲಾಗಿನ ಮುಂಚೆ ಇರೋದನ್ನ. ಎಸೆಯೋಕೆ ಮನಸ್ಸು ಬರ್ಲಿಲ್ಲ, ಒಂದು ಫೋಲ್ಡರಿಗೆ ಹಾಕಿಟ್ಟಿದ್ದೆ. ಈ ಸಲ ಮೇಡಂ ಅದನ್ನ ಕೇಳಿಬಿಟ್ರು..."

"ಫೋಲ್ಡರಿನ ಹೆಸರೇನು?"

ಅಡ್ಡ ನಿಂತ. ಬಗ್ಗಿ ಸ್ಕ್ರೀನ್ ನೋಡಿದೆ. "ಕಸ" ಅಂತ ಇತ್ತು. ನೂರಾ ಎಂಬತ್ತು ತುಂಡು. ನನ್ನ ದನಿ ಕಸಕ್ಕೆ, ನನ್ನ ಕಸ ಟಿವಿಗೆ.

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ನೀವು ಬೇಡ ಅಂತಿದ್ರಿ."

"ಅದಕ್ಕೇ ಕದ್ದೆ ಅನ್ನು."

ತಲೆ ಕೆರೆದುಕೊಂಡ. ಆಮೇಲೆ ಒಂದು ಮಾತು ಹೇಳಿದ. ಅದು ಇನ್ನೂ ಕಿವಿಯಲ್ಲಿ ಕೊರೆಯುತ್ತಿದೆ. "ಆ ಡೈಲಾಗುಗಳು ನಿಮಗೆ ಒಂಚೂರೂ ಹಿಡಿಸಿರ್ಲಿಲ್ಲ ಅಕ್ಕ. ಬಾಯಲ್ಲಿ ಹೇಳ್ಲಿಲ್ಲ, ಆದ್ರೆ ಒಂದೊಂದಕ್ಕೂ ಮುಂಚೆ, ಬರೆದವನು ಎದುರಿಗಿದ್ರೆ ಕಪಾಳಕ್ಕೆ ಬಾರಿಸೋರ ಹಾಗೆ ಉಸಿರೆಳೀತಿದ್ರಿ. ಡೈಲಾಗು ಸುಳ್ಳು. ಉಸಿರು ನಿಜ."

ಬಾಗಿಲು ರಪ್ಪೆಂದು ಎಳೆದು ಬಂದೆ. ಸೌಂಡ್ ಪ್ರೂಫ್ ಬಾಗಿಲು. ಸದ್ದೇ ಆಗಲಿಲ್ಲ. ಅದಕ್ಕೂ ಸಿಟ್ಟು ಬಂತು. ಆ ಕಟ್ಟಡದ ಲಿಫ್ಟಿಗೂ ಹಿಂದೆ ನಾನೇ ದನಿ ಕೊಟ್ಟಿದ್ದೆ. ಕಾಲಿಟ್ಟರೆ, "ಬಾಗಿಲು ಮುಚ್ಚುತ್ತಿದೆ." ನನ್ನದೇ ದನಿ. "ಮುಚ್ಚು ಬಾಯಿ" ಅಂದೆ. ಜೊತೆಗಿದ್ದವರು ಮೂಲೆಗೆ ಸರಿದರು.

ಮಾರ್ಚ್ 20

ಕಲಾವಿದರ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದೆ. ಉಸಿರೂ ನಿಮ್ಮದೇ, ಒಪ್ಪಿಗೆ ಇಲ್ಲದೆ ಬಳಸುವ ಹಾಗಿಲ್ಲ ಅಂದರು. ಒಂದು ಪತ್ರ ಬರೆದರೆ ಸಾಕಂತೆ. ಬಂದ ಎಪಿಸೋಡು, ಬರಬೇಕಾದ ಎಪಿಸೋಡು, ಎಲ್ಲದರಿಂದಲೂ ತೆಗೆಯಲೇಬೇಕು.

ಬರೆದೆ. ಸಹಿ ಹಾಕಿದೆ. ಟೇಬಲ್ ಡ್ರಾಯರಿನಲ್ಲಿದೆ. ಉಸಿರಿಲ್ಲದ ನೌಕೆ ಇಟ್ಟುಕೊಂಡು ಕತ್ತರಿ ಅದೇನು ಕತ್ತರಿಸುತ್ತಾಳೋ ನೋಡುತ್ತೇನೆ. ಸೋಮವಾರ ಕಳಿಸುತ್ತೇನೆ.

ಮಾರ್ಚ್ 24, ಸೋಮವಾರ

ಕಳಿಸಲಿಲ್ಲ. ನಿನ್ನೆಯ ಎಪಿಸೋಡಿನಲ್ಲಿ ಡಾಕ್ಟರಮ್ಮ ನೌಕೆಯ ಹೊರಗಡೆ ಸಿಕ್ಕಿಹಾಕಿಕೊಂಡಿದ್ದಾಳೆ. ಒಳಗೆ ಬಂದಳೋ ಇಲ್ಲವೋ ಗೊತ್ತಾಗಲಿ, ಆಮೇಲೆ ಕಳಿಸುತ್ತೇನೆ.

ಮಾರ್ಚ್ 31

ಬಂದಳು. ನಾಯಕನ ಮುಖಕ್ಕೆ ಹೊಡೆದಳು. ಸರಿಯಾಗೇ ಮಾಡಿದಳು.

ಏಪ್ರಿಲ್ 8, ಮಂಗಳವಾರ

ಕತ್ತರಿ ಮನೆಗೇ ಬಂದಳು! ಚಿಕ್ಕ ಹುಡುಗಿಯ ಹಾಗೆ ಸೋಫಾದ ತುದಿಯಲ್ಲಿ ಕೂತಳು. ಕಣ್ಣ ಕೆಳಗೆ ಕಪ್ಪು. ನಿದ್ದೆಗೆಟ್ಟಿದ್ದಾಳೆ. ಸಂತೋಷವಾಯಿತು.

"ಮೇಡಂ, ಕೊನೇ ಎಪಿಸೋಡಿನ ಕೊನೇ ಸೀನ್. ನೌಕೆ ಉಸಿರು ಬಿಡ್ಬೇಕು. ಸೀಸನ್ ಪೂರ್ತಿ ಒಳಗೆ ಎಳ್ಕೊಂಡಿದೆ, ಒಂದು ಸಲಾನೂ ಬಿಟ್ಟಿಲ್ಲ. ಅಲ್ಲಿ ಬಿಡ್ಬೇಕು. ನೂರಾ ಎಂಬತ್ತರಲ್ಲಿ ನೀವು ಬಿಟ್ಟಿದ್ದು ಒಂದೂ ಇಲ್ಲ."

ಹೇಗಿರುತ್ತದೆ? ಎಳೆದ ಉಸಿರು ಡೈಲಾಗಿಗೆ ಖರ್ಚು. ಮಿಕ್ಕಿದ್ದನ್ನು, "ಓಕೆ" ಅನ್ನುವವರೆಗೆ ಎದೆಯಲ್ಲೇ ಹಿಡಿದಿಡಬೇಕು. ಇಲ್ಲದಿದ್ದರೆ ಕೊನೆಯ ಅಕ್ಷರ ಹಾಳು. ಈ ಕೆಲಸದಲ್ಲಿ ಮೊದಲು ಕಲಿಸುವುದೇ ಅದು. ಅವಳಿಗೆ ಇದನ್ನೆಲ್ಲ ವಿವರಿಸಲಿಲ್ಲ. "ಬೇರೆಯವರ ಹತ್ತಿರ ಮಾಡಿಸಿ" ಅಂದೆ.

"ಮೂರು ಜನರ ಹತ್ತಿರ ಮಾಡಿಸಿದ್ವಿ. ಬೇರೆ ನೌಕೆ ಅನ್ನಿಸ್ತಿದೆ."

ಡ್ರಾಯರಿನಿಂದ ಪತ್ರ ತೆಗೆದು ಕೈಗೆ ಕೊಟ್ಟೆ. ಓದಿದಳು. ಮುಖ ಬಿಳಿಚಿಕೊಂಡಿತು.

"ನನ್ನ ಹೆಸರು ಬೇಕು," ಅಂದೆ. "ಹೋದ ವರ್ಷದ ಜಾಗದಲ್ಲೇ. ನಾಲ್ಕನೆಯದು. ಇಲ್ಲಾಂದ್ರೆ ಇದನ್ನ ಕಳಿಸ್ತೀನಿ."

"ಡೈಲಾಗ್ ಇಲ್ಲದೋರ ಹೆಸರನ್ನ ಮೇಲೆ ಹಾಕಲ್ಲ ಅಂತಾರೆ ಚಾನೆಲ್‌ನೋರು. ನಾನು ಜಗಳ ಆಡ್ತೀನಿ. ಆಗತ್ತೆ ಅಂತ ಮಾತು ಕೊಡಲಾರೆ." ಪತ್ರ ವಾಪಸ್ ಕೊಟ್ಟಳು. "ಕಳಿಸಿದ್ರೂ ತಪ್ಪಲ್ಲ ಮೇಡಂ. ನಾವು ಕೇಳ್ಬೇಕಿತ್ತು. ಕ್ಷಮಿಸಿ."

ಸುಳ್ಳು ಮಾತು ಕೊಟ್ಟಿದ್ದರೆ ಬೈಯುವುದು ಸುಲಭವಿತ್ತು. ಅದಕ್ಕೂ ಅವಕಾಶ ಕೊಡದೆ ಹೋದಳು.

ಕಾಫಿ ಲೋಟ ಎತ್ತುತ್ತಾ ಇವರು ಅಂದರು, "ನೀನು ಬಿಡೋದು ನಾನೂ ಕೇಳಿಲ್ಲ."

"ಬೈಗುಳದ ಜೊತೆ ಹೋಗತ್ತಲ್ಲ."

"ಹೋಗಲ್ಲ. ಇನ್ನೊಂದು ಬೈಗುಳಕ್ಕೆ ಉಳಿಸ್ಕೊಳ್ತೀಯ."

ಏಪ್ರಿಲ್ 11, ಶುಕ್ರವಾರ

ಹೋದೆ. ಹೆಸರಿನ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲವಂತೆ. ಆದರೂ ಹೋದೆ. ಪತ್ರ ಬ್ಯಾಗಿನಲ್ಲಿತ್ತು.

ಇಪ್ಪತ್ತೆರಡು ಟೇಕ್. ಉದ್ದ ಉಸಿರು, ಸಣ್ಣ ಉಸಿರು, ದಣಿದ ಉಸಿರು. ಒಂದೊಂದಾದ ಮೇಲೂ ಗಾಜಿನ ಆಚೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕೊನೆಗೆ ಹೆಡ್‌ಫೋನ್ ಮೆಲ್ಲಗೆ ಹೇಳಿದ, "ನಟಿಸ್ತಿದ್ದೀರಿ ಅಕ್ಕ."

ಅಷ್ಟೇ ಸಾಕಾಯಿತು. ಶುರು ಮಾಡಿದೆ. ನನ್ನ ದನಿಗೆ ಮೂವತ್ತು ವರ್ಷದ ದುಡಿಮೆ ಇದೆ ಕಣೋ, ಅದನ್ನ ಎಸೆದು ಕಸ ಎತ್ತಿಟ್ಟುಕೊಂಡವನು ನೀನು. ನಾಲ್ಕು ಮಾತಿನಲ್ಲಿ ನನ್ನನ್ನ ಮುಗಿಸಿದವಳು ನೀನು. ಆಂಟಿ ಅಂದವರು, ವಿಡಿಯೊ ಮಾಡಿದವನು, ಪೇಪರಿನವನು, ಆ ದರಿದ್ರ ಡೈಲಾಗು ಬರೆದವನು, ಯಾರನ್ನೂ ಬಿಡಲಿಲ್ಲ. ಮನೆಯಲ್ಲಿ ಕೂತು ನಕ್ಕವರನ್ನೂ ಬಿಡಲಿಲ್ಲ. ಆಮೇಲೆ ಬಾಯಿಂದ ಬಂದದ್ದು ನಾನು ಎಣಿಸಿರದ ಮಾತು. "ಚೆನ್ನಾಗಿಲ್ಲ ಅಂತ ನನಗೆ ಮೊದಲನೇ ದಿನಾನೇ ಗೊತ್ತಿತ್ತು. ಗೊತ್ತಿದ್ದೂ ಹೇಳ್ಲಿಲ್ಲ. ಕೆಲಸ ಹೋಗತ್ತೆ ಅಂತ ಹೆದರಿ, ಅಚ್ಚುಕಟ್ಟಾಗಿ ಓದಿ ಮನೆಗೆ ಹೋದೆ. ನಕ್ಕರೆ ನಗಲಿ. ನಗೋ ಹಾಗೇ ಇತ್ತು."

ಇನ್ನೊಬ್ಬರನ್ನು ಬೈಯಲು ಹುಡುಕಿದೆ. ಯಾರೂ ಉಳಿದಿರಲಿಲ್ಲ.

ಉಸಿರು ಬಿಟ್ಟೆ.

ಕತ್ತರಿ ಗಾಜಿಗೆ ಹಣೆ ಒತ್ತಿ ನಿಂತಿದ್ದಳು. ಹೆಡ್‌ಫೋನ್ ಹೆಬ್ಬೆರಳು ಎತ್ತಲು ಹೋಗಿ, ಕೈ ಕೆಳಗಿಳಿಸಿ, "ಇದನ್ನ ಇಟ್ಕೊಳ್ಲಾ ಅಕ್ಕ?" ಅಂದ. ಈ ಸಲ ಕೇಳಿದ.

ಬೈಯಲು ಶುರು ಮಾಡಿದಾಗಲೇ ರೆಕಾರ್ಡಿಂಗಿನ ಕೆಂಪು ದೀಪ ಉರಿಯುತ್ತಿತ್ತು. ನಾನು ನೋಡಿದ್ದೆ. ಅದನ್ನು ಅವನಿಗೆ ಹೇಳಲಿಲ್ಲ. "ಇಟ್ಕೋ" ಅಂದೆ, ಅಷ್ಟೇ.

ಪತ್ರ ಹರಿದಿಲ್ಲ. ಹೆಸರು ಬರುತ್ತದೋ ಇಲ್ಲವೋ, ಇಪ್ಪತ್ತನೇ ತಾರೀಕು ಗೊತ್ತಾಗುತ್ತದೆ.

ಏಪ್ರಿಲ್ 20, ಭಾನುವಾರ. 8:05

ಈಗಷ್ಟೇ ಮುಗಿಯಿತು.

ಎಲ್ಲರೂ ನೌಕೆಯಿಂದ ಇಳಿದು ಹೋದರು. ಡಾಕ್ಟರಮ್ಮ ಕೊನೆಯವಳು. ಆ ಕಿರಿದಾದ ಕಾರಿಡಾರಿನಲ್ಲಿ ನಿಂತು ಗೋಡೆಗೆ ಅಂಗೈ ಇಟ್ಟಳು. ನೌಕೆ ಉಸಿರು ಬಿಟ್ಟಿತು. ಉದ್ದಕ್ಕೆ. ದೀಪಗಳು ಒಂದೊಂದೇ ಆರಿದವು.

ಪಕ್ಕದಲ್ಲಿ ಇನ್ನೊಂದು ಉಸಿರು ಕೇಳಿಸಿತು. ಇವರದು. ಮೂವತ್ತೊಂದು ವರ್ಷದಿಂದ ಹಿಡಿದಿಟ್ಟುಕೊಂಡದ್ದು ಅಂತ ಬರೆದರೆ ಅತಿಯಾಯಿತು. ಆದರೆ ಹಾಗೇ ಇತ್ತು.

"ಅವತ್ತು ನಾನು ನಗಬಾರ್ದಿತ್ತು," ಅಂದರು. ಟಿವಿ ನೋಡಿಕೊಂಡೇ.

ಹೆಸರುಗಳು ಬರುತ್ತಿದ್ದವು. ನಾಯಕ. ಡಾಕ್ಟರ್. ಎಂಜಿನಿಯರ್. ನಾಲ್ಕನೆಯದು, "ನೌಕೆ." ಎದುರಿಗೆ ನನ್ನ ಹೆಸರು. ನೌಕೆಯ ಧ್ವನಿ ಅಂತ ಅಲ್ಲ. ಬರೀ ನೌಕೆ.

ಚೆನ್ನಾಗಿದೆ. ಹಾಳಾದ್ದು, ಎರಡನೇ ಸೀಸನ್ ಚೆನ್ನಾಗಿದೆ.

ಆದರೆ ಅಕ್ಷರ ಮಾತ್ರ ಇರುವೆ ಗಾತ್ರ! ಎರಡು ಸೆಕೆಂಡೂ ನಿಲ್ಲಲಿಲ್ಲ. ಕತ್ತರಿಗೆ ಈಗಲೇ ಸರಿಯಾಗಿ ಹೇಳುತ್ತೇನೆ ಅಂತ ಫೋನ್ ಎತ್ತಿಕೊಂಡು ಉಸಿರೆಳೆದೆ. ಅಡುಗೆಮನೆಗೆ ಹೊರಟಿದ್ದ ಇವರು ಲೋಟ ಹಿಡಿದ ಹಾಗೇ ನಿಂತುಬಿಟ್ಟರು. ಕಣ್ಣು ನನ್ನ ಮೇಲೆ. ಅಲುಗಾಡಲಿಲ್ಲ. ನೋಡಿದೆ. ಫೋನ್ ಕೆಳಗಿಟ್ಟೆ. ಆಮೇಲೆ ಯಾರನ್ನೂ ಏನೂ ಅನ್ನದೆ, ಸುಮ್ಮನೆ, ಹಾಗೇ ಉಸಿರು ಬಿಟ್ಟೆ.